ಸ್ಟಾರ್ಟಪ್ ಮೀಟಿಂಗ್ ನಡೆಸೋದು ಹೇಗೆ? ಹೊಸ ಉದ್ಯಮ ಶುರು ಮಾಡುವ ಯುವಕರಿಗೊಂದು ಕೈಪಿಡಿ

ಡೆಂಕಣಿಕೋಟೆಯಿಂದ ಹೊಸೂರಿಗೆ ಸುಮಾರು 25 ಕಿ.ಮೀ., ಅಲ್ಲಿಂದ ಬೆಂಗಳೂರಿಗೆ ಇನ್ನೊಂದು 40 ಕಿ.ಮೀ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದ ಈ ತಾಲೂಕು ಕೇಂದ್ರದ ಬೀದಿಯಲ್ಲಿ ನಿಂತರೆ ತಮಿಳು, ಕನ್ನಡ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಸುತ್ತಲಿನ ಹಳ್ಳಿಗಳಲ್ಲಿ ರಾಗಿ, ಟೊಮೆಟೊ, ತರಕಾರಿ, ಹೂವಿನ ಬೆಳೆ. ಹೊಸೂರಿನಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ, ಟಿವಿಎಸ್, ಟೈಟಾನ್, ಅಶೋಕ್ ಲೇಲ್ಯಾಂಡ್ ಕಾರ್ಖಾನೆಗಳು. 2013ರಲ್ಲಿ ಐಐಟಿ ಮದ್ರಾಸಿನಲ್ಲಿ ಓದಿದ ಇಬ್ಬರು ಯುವಕರು ಶುರು ಮಾಡಿದ ಎಥರ್ ಎನರ್ಜಿ ಎಂಬ ಸ್ಟಾರ್ಟಪ್, ತನ್ನ ವಿದ್ಯುತ್ ಸ್ಕೂಟರ್ ತಯಾರಿಕೆಯನ್ನು 2021ರಲ್ಲಿ ಹೊಸೂರಿಗೇ ತಂದಿತು.

ಬೆಂಗಳೂರಿನ ಬಾಡಿಗೆ ಕಟ್ಟಲಾಗದೆ ಗಡಿಯ ಈಚೆಗೆ ಬಂದು ಸಣ್ಣದಾಗಿ ಏನಾದರೂ ಶುರು ಮಾಡೋಣ ಎಂದು ಯೋಚಿಸುವ ಯುವಕರಿಗೆ ಇದು ಒಳ್ಳೆಯ ಜಾಗ. ಇಂಥವರಿಗೆ ಬಂಡವಾಳ ಬೇಕು, ಗಿರಾಕಿ ಬೇಕು, ಲೈಸೆನ್ಸ್ ಬೇಕು. ಇದೆಲ್ಲ ಎಲ್ಲರಿಗೂ ಗೊತ್ತು. ಯಾರೂ ಹೇಳಿಕೊಡದ ಒಂದು ವಿಷಯವಿದೆ: ನಾಲ್ಕೈದು ಜನ ಒಟ್ಟಿಗೆ ಕೂತು ಮಾತಾಡಿ, ತೀರ್ಮಾನ ಮಾಡಿ, ಎದ್ದು ಹೋಗುವುದು ಹೇಗೆ ಎಂಬುದು.

ಸ್ನೇಹಿತರು ಸೇರಿ ಮಾಡಿದ ವ್ಯಾಪಾರ ಎರಡೇ ವರ್ಷದಲ್ಲಿ ಮುರಿದುಬಿದ್ದ ಕತೆ ಪ್ರತಿ ಊರಿನಲ್ಲೂ ಇದೆ. ವಿಚಾರಿಸಿದರೆ ನಷ್ಟಕ್ಕಿಂತ ಹೆಚ್ಚಾಗಿ ಕೇಳಿಬರುವ ಮಾತು, "ಆವತ್ತು ಹಾಗೆ ಹೇಳಿರಲಿಲ್ಲ" ಎಂಬುದು. ಒಬ್ಬನಿಗೆ ನೆನಪಿರುವುದು ಒಂದು, ಇನ್ನೊಬ್ಬನಿಗೆ ನೆನಪಿರುವುದು ಇನ್ನೊಂದು. ಬರೆದಿಟ್ಟದ್ದು ಏನೂ ಇಲ್ಲ. ದುಡ್ಡು ಹಾಕಿದ ಗಲ್ಫಿನ ಮಾಮನಿಗೂ ಉತ್ತರವಿಲ್ಲ, ಹಳೆಯ ಸ್ನೇಹವೂ ಇಲ್ಲ.

ಮೀಟಿಂಗ್‌ಗೂ ಒಂದು ಬೆಲೆ ಇದೆ

ಆರು ಜನ ಒಂದು ಗಂಟೆ ಕೂತರೆ ಖರ್ಚಾಗುವುದು ಒಂದು ಗಂಟೆ ಅಲ್ಲ, ಆರು ಗಂಟೆ. ದಿನಕ್ಕೊಂದು ಗಂಟೆಯಂತೆ ತಿಂಗಳಿಗೆ 26 ದಿನ ಕೂತರೆ 156 ಗಂಟೆ. ಎಂಟು ಗಂಟೆಯ ಕೆಲಸದ ದಿನಕ್ಕೆ ಭಾಗಿಸಿದರೆ ಹತ್ತೊಂಬತ್ತೂವರೆ ದಿನದ ದುಡಿಮೆ. ಅಂದರೆ ಒಬ್ಬ ಆಳಿನ ತಿಂಗಳ ಸಂಬಳದ ಮುಕ್ಕಾಲು ಪಾಲು ಮಾತಿಗೇ ಹೋಯಿತು.

ಜನ ಹೆಚ್ಚಾದಂತೆ ಕಷ್ಟವೂ ಹೆಚ್ಚು. ನಾಲ್ಕು ಜನರ ತಂಡದಲ್ಲಿ ಇಬ್ಬಿಬ್ಬರ ನಡುವಿನ ಜೋಡಿ ಆರು. ಎಂಟು ಜನರಾದರೆ 28. ತಂಡ ಎರಡು ಪಟ್ಟಾದರೆ, ಮಾತು ತಪ್ಪಿಹೋಗುವ ದಾರಿಗಳು ನಾಲ್ಕು ಪಟ್ಟಿಗಿಂತ ಹೆಚ್ಚು. ಇಬ್ಬರಿದ್ದಾಗ ಚಹಾ ಕುಡಿಯುತ್ತಾ ಮುಗಿಯುತ್ತಿದ್ದ ವಿಷಯ, ಎಂಟು ಜನ ಆದಾಗ ಹಾಗೆ ಮುಗಿಯುವುದಿಲ್ಲ. ಆದ್ದರಿಂದ ಮೀಟಿಂಗ್ ನಡೆಸುವ ಕ್ರಮವನ್ನು ತಂಡ ಚಿಕ್ಕದಿರುವಾಗಲೇ ರೂಢಿ ಮಾಡಿಕೊಳ್ಳಬೇಕು.

1990ರ ಒಂದು ಶನಿವಾರ ಬೆಂಗಳೂರಿನಲ್ಲಿ

ಇವತ್ತು ಇನ್ಫೋಸಿಸ್ ಹೆಸರು ಕೇಳದವರಿಲ್ಲ. 1981ರಲ್ಲಿ ಏಳು ಮಂದಿ ಸೇರಿ ಪುಣೆಯಲ್ಲಿ ಹತ್ತು ಸಾವಿರ ರೂಪಾಯಿಯಿಂದ ಶುರು ಮಾಡಿದ ಈ ಕಂಪೆನಿ, 1983ರಲ್ಲಿ ಬೆಂಗಳೂರಿಗೆ ಬಂತು. ಒಂಬತ್ತು ವರ್ಷ ದುಡಿದ ಮೇಲೂ ದೊಡ್ಡ ಲಾಭ ಕಂಡಿರಲಿಲ್ಲ. ಆಗ ಹತ್ತು ಲಕ್ಷ ಡಾಲರಿಗೆ ಕಂಪೆನಿಯನ್ನು ಮಾರುವ ಅವಕಾಶ ಎದುರಿಗೆ ಬಂತು.

1990ರ ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ, ಏಳು ಸ್ಥಾಪಕರ ಪೈಕಿ ಐವರು ತಮ್ಮ ಸಣ್ಣ ಕಚೇರಿಯಲ್ಲಿ ಕೂತರು. ಎನ್.ಆರ್. ನಾರಾಯಣ ಮೂರ್ತಿಯವರು 2007ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣದಲ್ಲಿ ಆ ದಿನವನ್ನು ವಿವರಿಸಿದ್ದಾರೆ. ಕಿರಿಯ ಸಹೋದ್ಯೋಗಿಗಳು ಮೊದಲು ಮಾತಾಡಿದರು. ಪಟ್ಟ ಕಷ್ಟ, ಮುಂದೆ ಕಾಣುವ ಅಡ್ಡಿಗಳನ್ನೆಲ್ಲ ಹೇಳಿಕೊಂಡರು. ಸುಮಾರು ನಾಲ್ಕು ಗಂಟೆ ಹೀಗೇ ನಡೆಯಿತು. ಮೂರ್ತಿಯವರು ಅಲ್ಲಿಯವರೆಗೆ ಸುಮ್ಮನೆ ಕೇಳುತ್ತಿದ್ದು, ಕೊನೆಗೆ ಮಾತಾಡಿದರು. ಮಾರುವುದಾದರೆ ನಿಮ್ಮೆಲ್ಲರ ಪಾಲನ್ನೂ ನಾನೇ ಕೊಳ್ಳುತ್ತೇನೆ ಎಂದರು. ಕೈಯಲ್ಲಿ ಆಗ ದುಡ್ಡೂ ಇರಲಿಲ್ಲ. ಇನ್ನೊಂದು ಗಂಟೆಯ ಮಾತಿನ ನಂತರ ಉಳಿದವರು ಮನಸ್ಸು ಬದಲಿಸಿದರು, ಕಂಪೆನಿ ಉಳಿಯಿತು. 1993ರಲ್ಲಿ ಅದು ಷೇರು ಮಾರುಕಟ್ಟೆಗೆ ಬಂತು, 1999ರಲ್ಲಿ ಅಮೆರಿಕದ ನಾಸ್ಡಾಕ್‌ನಲ್ಲಿ ದಾಖಲಾಯಿತು.

ಮೀಟಿಂಗ್ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದದ್ದು ಮೂರು. ವಿಷಯ ಒಂದೇ: ಮಾರಬೇಕೋ ಬೇಡವೋ. ಎಲ್ಲರ ಮಾತೂ ಬಂತು, ನಾಯಕನ ಮಾತು ಕೊನೆಗೆ ಬಂತು. ಎದ್ದು ಹೋಗುವ ಮೊದಲೇ ತೀರ್ಮಾನವೂ ಆಯಿತು. ಮೂರ್ತಿಯವರು ಮೊದಲೇ "ಮಾರೋದು ಬೇಡ" ಎಂದಿದ್ದರೆ ಉಳಿದವರು ಮನಸ್ಸಿನಲ್ಲಿದ್ದ ಭಯವನ್ನು ಅಷ್ಟು ಬಿಡಿಸಿ ಹೇಳುತ್ತಿದ್ದರೋ ಇಲ್ಲವೋ. ಹೇಳದೆ ಉಳಿದ ಭಯ ಆರು ತಿಂಗಳಾದ ಮೇಲೆ ಜಗಳವಾಗಿ ಹೊರಬರುತ್ತದೆ.

ಮೀಟಿಂಗ್‌ನಲ್ಲಿ ನಾಲ್ಕು ಬಗೆ

ಎಲ್ಲ ವಿಷಯವನ್ನೂ ಒಂದೇ ಮೀಟಿಂಗ್‌ನಲ್ಲಿ ತುಂಬುವುದು ಹೊಸಬರು ಮಾಡುವ ಮೊದಲ ತಪ್ಪು. ಸಣ್ಣ ತಂಡಕ್ಕೆ ಸಾಮಾನ್ಯವಾಗಿ ನಾಲ್ಕು ಬಗೆ ಸಾಕು.

1. ದಿನದ ಮೀಟಿಂಗ್: ಹದಿನೈದು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಸಾಫ್ಟ್‌ವೇರ್ ಲೋಕದಲ್ಲಿ ಬಳಕೆಯಲ್ಲಿರುವ ಸ್ಕ್ರಮ್ ಪದ್ಧತಿಯೂ ಇದೇ ಮಿತಿ ಹಾಕುತ್ತದೆ. ಕಾರ್ಖಾನೆಯಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ಶಿಫ್ಟ್ ಶುರುವಾಗುವ ಮುಂಚೆ ಬೋರ್ಡ್ ಮುಂದೆ ನಿಂತೇ ಮಾತು ಮುಗಿಸುತ್ತಾರೆ. ನಿನ್ನೆ ಏನಾಯ್ತು, ಇವತ್ತು ಏನು, ಅಡ್ಡಿ ಏನು, ಇಷ್ಟೇ. ಅಡ್ಡಿಯನ್ನು ಬಗೆಹರಿಸುವ ಕೆಲಸ ಆಮೇಲೆ, ಸಂಬಂಧಪಟ್ಟ ಇಬ್ಬರ ನಡುವೆ.

2. ವಾರದ ಮೀಟಿಂಗ್: ನಲವತ್ತೈದು ನಿಮಿಷದಿಂದ ಒಂದು ಗಂಟೆ. ವಾರದ ಮಾರಾಟ, ಬಾಕಿ, ಗಿರಾಕಿಗಳ ದೂರು, ಮುಂದಿನ ವಾರದ ಕೆಲಸ ಹಂಚಿಕೆ.

3. ತೀರ್ಮಾನದ ಮೀಟಿಂಗ್: ಒಂದೇ ಪ್ರಶ್ನೆಗಾಗಿ ಕರೆಯುವುದು. ಗಾಡಿ ಕೊಳ್ಳಬೇಕೇ? ಹೊಸ ಪಾಲುದಾರರನ್ನು ಸೇರಿಸಬೇಕೇ? ಸಾಲ ತೆಗೆಯಬೇಕೇ? ಇಂಟೆಲ್ ಕಂಪೆನಿಯನ್ನು ನಡೆಸಿದ ಆಂಡಿ ಗ್ರೋವ್ 1983ರ ತಮ್ಮ ಪುಸ್ತಕದಲ್ಲಿ ಮಾಮೂಲಿಯಾಗಿ ನಡೆಯುವ ಮೀಟಿಂಗ್ ಬೇರೆ, ಒಂದು ನಿರ್ದಿಷ್ಟ ತೀರ್ಮಾನಕ್ಕೆಂದೇ ಕರೆಯುವ ಮೀಟಿಂಗ್ ಬೇರೆ ಎಂದು ವಿಂಗಡಿಸಿದ್ದರು.

4. ಇಬ್ಬರ ಮಾತು: ತಂಡದ ಮುಖ್ಯಸ್ಥ ಒಬ್ಬೊಬ್ಬರ ಜೊತೆ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಕೂರುವುದು. ಎಲ್ಲರ ಮುಂದೆ ಹೇಳಲಾಗದ ಸಂಬಳದ ವಿಷಯ, ಮನೆಯ ತೊಂದರೆ, ಬೇಸರ ಇಲ್ಲಿ ಹೊರಬರುತ್ತದೆ.

ಅಜೆಂಡಾ ಇಲ್ಲದಿದ್ದರೆ ಮೀಟಿಂಗ್ ಇಲ್ಲ

ಅಜೆಂಡಾ ಎಂದರೆ ದೊಡ್ಡ ಕಾಗದವೇನೂ ಅಲ್ಲ. ಹಿಂದಿನ ದಿನ ಸಂಜೆ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವ ನಾಲ್ಕು ಸಾಲು ಸಾಕು. ಆದರೆ ಆ ಸಾಲು ಪ್ರಶ್ನೆಯ ರೂಪದಲ್ಲಿರಬೇಕು. "ಗಾಡಿ ವಿಷಯ" ಎಂದು ಬರೆದರೆ ಗಾಡಿಯ ಬಣ್ಣದ ಬಗ್ಗೆಯೂ ಮಾತು ಬರುತ್ತದೆ. "ಪಿಕಪ್ ಗಾಡಿ ಈಗ ಕೊಳ್ಳೋದಾ, ಇನ್ನೂ ಮೂರು ತಿಂಗಳು ಬಾಡಿಗೆಗೇ ಓಡಿಸೋದಾ?" ಎಂದು ಬರೆದರೆ ಉತ್ತರ ಸಿಗುತ್ತದೆ. ಪಕ್ಕದಲ್ಲೇ ಸಮಯ ಬರೆಯಬೇಕು: 20 ನಿಮಿಷ. ಲೆಕ್ಕ ಬೇಕಾದ ವಿಷಯವಾದರೆ ಯಾರು ಲೆಕ್ಕ ತರಬೇಕು ಎಂಬುದನ್ನೂ ಸೇರಿಸಬೇಕು.

ಅಮೆಜಾನ್‌ನ ಜೆಫ್ ಬೆಜೋಸ್ 2004ರಲ್ಲಿ ತಮ್ಮ ಹಿರಿಯ ಅಧಿಕಾರಿಗಳ ಮೀಟಿಂಗ್‌ಗಳಲ್ಲಿ ಪವರ್‌ಪಾಯಿಂಟ್ ನಿಲ್ಲಿಸಿದರು. ಅದರ ಬದಲು ವಿಷಯವನ್ನು ಪೂರ್ತಿ ವಾಕ್ಯಗಳಲ್ಲಿ ಬರೆದು ತರಬೇಕು, ಮೀಟಿಂಗ್ ಶುರುವಿನಲ್ಲಿ ಎಲ್ಲರೂ ಮೌನವಾಗಿ ಓದಬೇಕು. ಸಣ್ಣ ಸ್ಟಾರ್ಟಪ್‌ಗೆ ಆರು ಪುಟ ಬೇಡ, ಅರ್ಧ ಪುಟ ಸಾಕು. ಬರೆಯಲು ಕೂತಾಗಲೇ ಅರ್ಧ ಗೊಂದಲ ಪರಿಹಾರವಾಗಿರುತ್ತದೆ.

ಇನ್ನೊಂದು ಎಚ್ಚರಿಕೆ. ಬ್ರಿಟನ್ನಿನ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1950ರ ದಶಕದಲ್ಲಿ ಸಮಿತಿಗಳ ಬಗ್ಗೆ ಒಂದು ತಮಾಷೆಯ ಕತೆ ಬರೆದಿದ್ದರು. ಅದರಲ್ಲಿ ಒಂದು ಕೋಟಿ ಪೌಂಡಿನ ಅಣು ರಿಯಾಕ್ಟರಿಗೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಸಿಗುತ್ತದೆ. 350 ಪೌಂಡಿನ ಸೈಕಲ್ ಶೆಡ್ಡಿಗೆ ಮುಕ್ಕಾಲು ಗಂಟೆ ಚರ್ಚೆ. ರಿಯಾಕ್ಟರ್ ಯಾರಿಗೂ ಅರ್ಥವಾಗುವುದಿಲ್ಲ, ಶೆಡ್ ಎಲ್ಲರಿಗೂ ಅರ್ಥವಾಗುತ್ತದೆ. ನಮ್ಮಲ್ಲೂ ಹೀಗೇ. ಅಂಗಡಿಯ ಬೋರ್ಡಿಗೆ ಯಾವ ಬಣ್ಣ ಎಂಬುದಕ್ಕೆ ಒಂದು ಸಂಜೆ, ಸಾಲದ ಕರಾರಿಗೆ ಐದು ನಿಮಿಷ. ಆದ್ದರಿಂದ ಭಾರವಾದ ವಿಷಯ ಅಜೆಂಡಾದಲ್ಲಿ ಮೊದಲು ಬರಬೇಕು.

ಯಾರು ಕರೆಯಬೇಕು, ಯಾವಾಗ ಕರೆಯಬೇಕು

ಪ್ರತಿ ಮೀಟಿಂಗ್‌ಗೂ ಇಬ್ಬರಿಗೆ ಜವಾಬ್ದಾರಿ ಇರಬೇಕು. ಒಬ್ಬರು ನಡೆಸುವವರು: ಸಮಯ ನೋಡುವುದು, ದಾರಿ ತಪ್ಪಿದ ಮಾತನ್ನು ವಾಪಸ್ ತರುವುದು, ಸುಮ್ಮನಿರುವವರನ್ನು ಕೇಳುವುದು. ಇನ್ನೊಬ್ಬರು ಬರೆಯುವವರು. ಈ ಎರಡೂ ಕೆಲಸ ವಾರಕ್ಕೊಬ್ಬರಂತೆ ಬದಲಾದರೆ ಒಳ್ಳೆಯದು. ತಂಡದಲ್ಲಿ ಹೆಣ್ಣುಮಗಳೊಬ್ಬಳಿದ್ದರೆ ಬರೆಯುವ ಕೆಲಸ ಯಾವಾಗಲೂ ಅವಳಿಗೇ ಎಂದಾಗಬಾರದು. ಬರೆಯುವವರಿಗೆ ಮಾತಾಡಲು ಸಮಯ ಕಡಿಮೆ ಸಿಗುತ್ತದೆ.

ಸಮಯ ಗೊತ್ತು ಮಾಡುವಾಗ ತಂಡದ ಎಲ್ಲರ ದಿನಚರಿ ನೋಡಬೇಕು. ತರಕಾರಿ ವ್ಯಾಪಾರದ ತಂಡದಲ್ಲಿ ಬೆಳಗ್ಗಿನ ಜಾವ ಮಂಡಿಗೆ ಹೋಗುವ ಹುಡುಗನನ್ನು ರಾತ್ರಿ ಹತ್ತಕ್ಕೆ ಮೀಟಿಂಗ್‌ಗೆ ಕೂರಿಸಿದರೆ ಅವನು ತೂಕಡಿಸುತ್ತಾನೆ, ತಪ್ಪು ಅವನದಲ್ಲ. ಶುಕ್ರವಾರ ಮಧ್ಯಾಹ್ನ ಜುಮಾದ ಹೊತ್ತು. ಹೆಣ್ಣುಮಕ್ಕಳಿಗೆ ಕೊನೆಯ ಬಸ್ಸಿನ ಚಿಂತೆ. ಕೋಡ್ ಬರೆಯುವವರ ಕಷ್ಟ ಇನ್ನೊಂದು ಬಗೆಯದು. ಅಮೆರಿಕದ ಹೂಡಿಕೆದಾರ ಪಾಲ್ ಗ್ರಹಾಂ 2009ರ ಒಂದು ಲೇಖನದಲ್ಲಿ ಇದನ್ನು ವಿವರಿಸಿದ್ದರು: ಮ್ಯಾನೇಜರನ ದಿನ ಗಂಟೆ ಗಂಟೆಯ ತುಂಡುಗಳಾಗಿರುತ್ತದೆ. ಏನನ್ನಾದರೂ ಕಟ್ಟುವವನಿಗೆ ಅರ್ಧ ದಿನ ಒಟ್ಟಿಗೆ ಬೇಕು. ಹನ್ನೊಂದು ಗಂಟೆಗೆ ಒಂದು ಮೀಟಿಂಗ್ ಇಟ್ಟರೆ ಅವನ ಇಡೀ ಬೆಳಗ್ಗೆ ಹಾಳು. ಮೀಟಿಂಗನ್ನು ದಿನದ ಶುರುವಿಗೋ ಕೊನೆಗೋ ಇಟ್ಟರೆ ಈ ತೊಂದರೆ ತಪ್ಪುತ್ತದೆ.

ಯಾವ ಭಾಷೆಯಲ್ಲಿ ಮಾತು?

ಗಡಿಭಾಗದಲ್ಲಿ ಇದು ದೊಡ್ಡ ಪ್ರಶ್ನೆ. ಉದಾಹರಣೆಗೆ, ಡೆಂಕಣಿಕೋಟೆಯಲ್ಲಿ ರೈತರಿಂದ ಟೊಮೆಟೊ ಕೊಂಡು ಬೆಂಗಳೂರಿನ ಅಂಗಡಿಗಳಿಗೆ ಮುಟ್ಟಿಸುವ ಒಂದು ತಂಡವನ್ನು ಊಹಿಸಿಕೊಳ್ಳಿ. ಇಬ್ಬರು ಮಂಗಳೂರು ಕಡೆಯವರು, ಮನೆಮಾತು ಬ್ಯಾರಿ. ಒಬ್ಬ ಊರಿನ ಕನ್ನಡದವನು. ಒಬ್ಬ ತಮಿಳಿನವನು, ರೈತರ ಜೊತೆ ನೇರವಾಗಿ ವ್ಯವಹರಿಸುವವನು ಅವನೇ. ಬಿಸಿ ಚರ್ಚೆ ಬಂದ ಕೂಡಲೇ ಬ್ಯಾರಿ ಹುಡುಗರಿಬ್ಬರೂ ಗೊತ್ತಿಲ್ಲದೆಯೇ ಬ್ಯಾರಿಗೆ ಜಾರುತ್ತಾರೆ. ಉಳಿದಿಬ್ಬರು ಮೊಬೈಲ್ ನೋಡುತ್ತಾ ಕೂರುತ್ತಾರೆ. ಹೊಲದ ಸುದ್ದಿ ಗೊತ್ತಿರುವವನ ಬಾಯಿಯೇ ಮುಚ್ಚಿಹೋಯಿತು. ತಮ್ಮ ಬಗ್ಗೆಯೇ ಏನೋ ಮಾತಾಡಿಕೊಂಡರು ಎಂಬ ಸಂಶಯವೂ ಹುಟ್ಟಿತು.

ನಿಯಮ ಸರಳ. ಎಲ್ಲರಿಗೂ ಅರ್ಥವಾಗುವ ಒಂದು ಭಾಷೆಯನ್ನು ಮೊದಲೇ ಗೊತ್ತು ಮಾಡಿಕೊಳ್ಳುವುದು. ಯಾರಿಗಾದರೂ ಆ ಭಾಷೆಯಲ್ಲಿ ಮಾತು ತಡೆದರೆ ಅವರ ಭಾಷೆಯಲ್ಲೇ ಹೇಳಲು ಬಿಟ್ಟು, ಒಬ್ಬರು ತಿಳಿಸಿ ಹೇಳುವುದು. ತೀರ್ಮಾನವನ್ನು ಕೊನೆಗೆ ಎರಡೂ ಭಾಷೆಯಲ್ಲಿ ಓದಿ ಹೇಳುವುದು. ಇದಕ್ಕೆ ಐದು ನಿಮಿಷ ಹೆಚ್ಚು ಬೇಕು, ಅಷ್ಟೇ.

ದೊಡ್ಡವರು ಕೂತಿರುವಾಗ

ನಮ್ಮ ಸಮುದಾಯದಲ್ಲಿ ಅನೇಕ ಸಣ್ಣ ಉದ್ಯಮಗಳಿಗೆ ಮೊದಲ ದುಡ್ಡು ಮನೆಯಿಂದಲೇ ಬರುತ್ತದೆ. ಮಾಮನೋ ಕಾಕನೋ ಊರಿನ ಹಾಜಿಯವರೋ ದುಡ್ಡು ಹಾಕಿರುತ್ತಾರೆ. ಅವರು ಮೀಟಿಂಗ್‌ಗೆ ಬಂದು ಕೂತರೆ ಹುಡುಗರು ಬಾಯಿ ಬಿಡುವುದಿಲ್ಲ. ಅವರು ಹೇಳಿದ್ದಕ್ಕೆ "ಆಯ್ತು" ಎಂದು ತಲೆಯಾಡಿಸಿ, ಹೊರಗೆ ಬಂದ ಮೇಲೆ ಚಹಾ ಅಂಗಡಿಯಲ್ಲಿ ನಿಜವಾದ ಮೀಟಿಂಗ್ ನಡೆಯುತ್ತದೆ. ಇದು ಗೌರವ ಎಂದು ತೋರಿದರೂ, ದೊಡ್ಡವರಿಗೆ ನಿಜ ಸಂಗತಿ ಮುಟ್ಟುವುದೇ ಇಲ್ಲ.

ಗೌರವಕ್ಕೆ ಧಕ್ಕೆಯಾಗದೆ ಇದನ್ನು ಸರಿಪಡಿಸಬಹುದು. ಕಿರಿಯರು ಮೊದಲು, ಹಿರಿಯರು ಕೊನೆಗೆ ಮಾತಾಡುವ ಕ್ರಮ ಇಟ್ಟುಕೊಂಡರೆ ಕೊನೆಯ ಮಾತು ಹಿರಿಯರದೇ ಆಗುತ್ತದೆ, ಅವರಿಗೂ ಸಂತೋಷ. ಇನ್ನೊಂದು ದಾರಿ, ಚರ್ಚೆಗೆ ಮೊದಲು ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದು ಕೊಡುವುದು. ಮಶ್ವರಾ ಎಂಬ ಪದ ನಮಗೆ ಹೊಸದಲ್ಲ. ಆದರೆ ಅದು ಮಶ್ವರಾ ಆಗಬೇಕಾದರೆ ಕೇಳಿದವರು ಉತ್ತರಕ್ಕೆ ಕಾಯಬೇಕು.

ಹೊಸೂರಿನ ಕಾರ್ಖಾನೆಗಳಲ್ಲಿ ದುಡಿದವರಿಗೆ ಗುಣಮಟ್ಟ ವೃತ್ತ, ಅಂದರೆ ಕ್ವಾಲಿಟಿ ಸರ್ಕಲ್ ಗೊತ್ತಿರುತ್ತದೆ. 1962ರಲ್ಲಿ ಜಪಾನಿನಲ್ಲಿ ಶುರುವಾಗಿ, 1980ರಲ್ಲಿ ಹೈದರಾಬಾದಿನ ಬಿಎಚ್‌ಇಎಲ್ ಮೂಲಕ ಭಾರತಕ್ಕೆ ಬಂದ ಪದ್ಧತಿ ಅದು. ಯಂತ್ರದ ಮುಂದೆ ನಿಲ್ಲುವ ಕಾರ್ಮಿಕರೇ ಸಣ್ಣ ಗುಂಪಾಗಿ ಕೂತು, ತಮ್ಮ ಕೆಲಸದ ತೊಂದರೆಗೆ ತಾವೇ ಪರಿಹಾರ ಹುಡುಕುವುದು. ಟಿವಿಎಸ್ ಮೋಟಾರ್‌ಗೆ 2002ರಲ್ಲಿ ಜಪಾನಿನ ಡೆಮಿಂಗ್ ಪ್ರಶಸ್ತಿ ಬಂದದ್ದು ಇಂಥ ಸಮಗ್ರ ಗುಣಮಟ್ಟದ ಶಿಸ್ತಿಗಾಗಿ. ಕೆಲಸ ಮಾಡುವವನಿಗೆ ತೊಂದರೆ ಮೊದಲು ಗೊತ್ತಾಗುತ್ತದೆ ಎಂಬುದೇ ಅದರ ತಿರುಳು.

ಬರೆದಿಟ್ಟರೆ ಮಾತ್ರ ತೀರ್ಮಾನ

ಜಮಾಅತ್ ಕಮಿಟಿಯಲ್ಲಿ, ಸಹಕಾರಿ ಸಂಘದಲ್ಲಿ ನಡಾವಳಿ ಪುಸ್ತಕ ಇರುತ್ತದೆ. ಸ್ಟಾರ್ಟಪ್‌ನಲ್ಲೂ ಒಂದು ಇರಬೇಕು. ಎಲ್ಲರೂ ಆಡಿದ ಮಾತೆಲ್ಲ ಬರೆಯುವ ಅಗತ್ಯವಿಲ್ಲ. ಈ ಆರು ಸಂಗತಿ ಇದ್ದರೆ ಸಾಕು:

- ದಿನಾಂಕ, ಸಮಯ
- ಬಂದವರು, ಬಾರದವರು
- ಪ್ರಶ್ನೆ ಏನಿತ್ತು
- ಏನು ತೀರ್ಮಾನವಾಯ್ತು, ಯಾಕೆ
- ಯಾರು ಮಾಡಬೇಕು, ಯಾವ ದಿನದೊಳಗೆ
- ಎಷ್ಟು ಖರ್ಚಿಗೆ ಒಪ್ಪಿಗೆ

ಮೇಲಿನ ತಂಡದ ನಡಾವಳಿ ಹೀಗಿರಬಹುದು: "ಪಿಕಪ್ ಗಾಡಿ ಈಗ ಕೊಳ್ಳುವುದಿಲ್ಲ. ಕಾರಣ, ವಾರಕ್ಕೆ ನಾಲ್ಕೇ ಟ್ರಿಪ್ ಇದೆ. ಮೂರು ತಿಂಗಳು ಬಾಡಿಗೆ ಗಾಡಿ. ವಾರಕ್ಕೆ ಆರು ಟ್ರಿಪ್ ದಾಟಿದರೆ ಮತ್ತೆ ಚರ್ಚೆ. ಟ್ರಿಪ್ ಲೆಕ್ಕ ಇಡುವ ಜವಾಬ್ದಾರಿ ಸಾಗಣೆ ನೋಡಿಕೊಳ್ಳುವವರದು." ಇಲ್ಲಿ "ಯಾಕೆ" ಎಂಬುದನ್ನು ಬರೆದದ್ದು ಮುಖ್ಯ. ಆರು ತಿಂಗಳ ನಂತರ ಒಬ್ಬ "ಆವತ್ತೇ ಗಾಡಿ ತಗೊಂಡಿದ್ರೆ" ಎಂದು ಶುರು ಮಾಡಿದರೆ ಪುಸ್ತಕ ತೆರೆದು ತೋರಿಸಬಹುದು. "ಎಲ್ಲರೂ ಸೇರಿ ನೋಡ್ಕೊಳ್ಳೋಣ" ಎಂಬ ಸಾಲು ನಡಾವಳಿಯಲ್ಲಿ ಕಂಡರೆ ಆ ಕೆಲಸ ಆಗುವುದಿಲ್ಲ ಎಂದೇ ಅರ್ಥ. ಪ್ರತಿ ಕೆಲಸಕ್ಕೂ ಒಬ್ಬರ ಹೆಸರು ಬೇಕು.

ಮುಂದಿನ ಮೀಟಿಂಗ್ ಶುರುವಾಗಬೇಕಾದದ್ದು ಹಿಂದಿನ ನಡಾವಳಿ ಓದುವುದರಿಂದ. ಆದ ಕೆಲಸ, ಆಗದ ಕೆಲಸ, ಅಷ್ಟೇ. ಬೈಗುಳ ಬೇಡ, ಕಾರಣ ಸಾಕು.

ಕಾನೂನು ಏನು ಹೇಳುತ್ತದೆ?

ಪಾಲುದಾರಿಕೆ ಸಂಸ್ಥೆಯಾದರೆ 1932ರ ಭಾರತೀಯ ಪಾಲುದಾರಿಕೆ ಕಾಯಿದೆ ಅನ್ವಯ. ಅದರ 12ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದುಕೊಳ್ಳದಿದ್ದರೆ, ದಿನನಿತ್ಯದ ವಿಷಯಗಳ ಭಿನ್ನಾಭಿಪ್ರಾಯವನ್ನು ಬಹುಮತದಿಂದ ತೀರ್ಮಾನಿಸಬಹುದು. ಆದರೆ ತೀರ್ಮಾನಕ್ಕೆ ಮೊದಲು ಪ್ರತಿ ಪಾಲುದಾರನಿಗೂ ಅಭಿಪ್ರಾಯ ಹೇಳುವ ಹಕ್ಕಿದೆ. ವ್ಯಾಪಾರದ ಸ್ವರೂಪವನ್ನೇ ಬದಲಿಸಬೇಕಾದರೆ ಎಲ್ಲರ ಒಪ್ಪಿಗೆ ಬೇಕು. ಟೊಮೆಟೊ ವ್ಯಾಪಾರಕ್ಕೆಂದು ಶುರು ಮಾಡಿದ ಸಂಸ್ಥೆಯನ್ನು ಇಬ್ಬರೇ ಕೂತು ಜಮೀನು ವ್ಯವಹಾರಕ್ಕೆ ತಿರುಗಿಸುವಂತಿಲ್ಲ.

ಎಲ್‌ಎಲ್‌ಪಿ ಆದರೆ 2008ರ ಕಾಯಿದೆಯ ಮೊದಲ ಅನುಸೂಚಿಯೂ, ಬೇರೆ ಕರಾರು ಇಲ್ಲದಿದ್ದಲ್ಲಿ, ಬಹುಮತದ ನಿಯಮವನ್ನೇ ಹೇಳುತ್ತದೆ. ಒಬ್ಬರಿಗೆ ಒಂದು ಮತ. ತೀರ್ಮಾನವನ್ನು 30 ದಿನದೊಳಗೆ ನಡಾವಳಿಯಲ್ಲಿ ದಾಖಲಿಸಬೇಕು.

ಪ್ರೈವೇಟ್ ಲಿಮಿಟೆಡ್ ಕಂಪೆನಿಗೆ 2013ರ ಕಂಪೆನಿ ಕಾಯಿದೆ ಇನ್ನೂ ಬಿಗಿ. ನೋಂದಣಿಯಾದ 30 ದಿನದೊಳಗೆ ಮೊದಲ ಬೋರ್ಡ್ ಮೀಟಿಂಗ್ ಆಗಬೇಕು. ಸಾಮಾನ್ಯ ಕಂಪೆನಿಗಳಿಗೆ ವರ್ಷಕ್ಕೆ ಕನಿಷ್ಠ ನಾಲ್ಕು ಮೀಟಿಂಗ್, ಎರಡರ ನಡುವೆ 120 ದಿನಕ್ಕಿಂತ ಹೆಚ್ಚು ಅಂತರ ಇರಬಾರದು. ಸಣ್ಣ ಕಂಪೆನಿಗಳಿಗೆ ರಿಯಾಯಿತಿ ಇದೆ: ವರ್ಷದ ಪ್ರತಿ ಅರ್ಧದಲ್ಲಿ ಒಂದೊಂದು ಮೀಟಿಂಗ್, ನಡುವೆ 90 ದಿನಕ್ಕಿಂತ ಕಡಿಮೆ ಅಂತರ ಇರಬಾರದು. 2017ರ ಅಧಿಸೂಚನೆಯಿಂದ ಮಾನ್ಯತೆ ಪಡೆದ ಸ್ಟಾರ್ಟಪ್ ಪ್ರೈವೇಟ್ ಕಂಪೆನಿಗಳಿಗೂ ಇದು ಸಿಕ್ಕಿತು. ನೋಟಿಸ್ ಏಳು ದಿನ ಮೊದಲು. ಕೋರಂ, ನಿರ್ದೇಶಕರ ಮೂರನೇ ಒಂದು ಭಾಗ ಅಥವಾ ಇಬ್ಬರು, ಯಾವುದು ಹೆಚ್ಚೋ ಅದು. ವಿಡಿಯೋ ಮೂಲಕ ಸೇರಲು ಅವಕಾಶವಿರುವುದರಿಂದ ದುಬೈಯಲ್ಲಿರುವ ನಿರ್ದೇಶಕ ಊರಿಗೆ ಬರಲೇಬೇಕೆಂದಿಲ್ಲ. ಆದರೆ 12 ತಿಂಗಳು ಎಲ್ಲ ಬೋರ್ಡ್ ಮೀಟಿಂಗ್‌ಗೂ ಗೈರಾದ ನಿರ್ದೇಶಕ, ರಜೆ ಕೇಳಿದ್ದರೂ ಕೇಳದಿದ್ದರೂ, ಸ್ಥಾನ ಕಳೆದುಕೊಳ್ಳುತ್ತಾನೆ. ನಡಾವಳಿ 30 ದಿನದೊಳಗೆ ಸಿದ್ಧವಾಗಬೇಕು. ಅದನ್ನು ತಿದ್ದಿ ಮೋಸ ಮಾಡಿದರೆ ಎರಡು ವರ್ಷದವರೆಗೆ ಜೈಲಿಗೂ ಅವಕಾಶವಿದೆ.

ಮೀಟಿಂಗ್ ಬೇಡವಾದದ್ದು ಯಾವಾಗ?

ಬರೀ ಮಾಹಿತಿ ತಿಳಿಸಲು ಮೀಟಿಂಗ್ ಬೇಡ, ಒಂದು ಮೆಸೇಜ್ ಸಾಕು. ಒಬ್ಬರೇ ತೀರ್ಮಾನಿಸಬಹುದಾದ ವಿಷಯಕ್ಕೆ ಆರು ಜನ ಬೇಡ. ಇಷ್ಟು ರೂಪಾಯಿವರೆಗಿನ ಖರ್ಚನ್ನು ಆಯಾ ವಿಭಾಗದವರೇ ಮಾಡಬಹುದು ಎಂದು ಮೊದಲೇ ಗೆರೆ ಎಳೆದರೆ ಅರ್ಧ ಮೀಟಿಂಗ್ ಕಡಿಮೆಯಾಗುತ್ತದೆ. ಲೆಕ್ಕ ತರಬೇಕಾದವರು ತಂದಿಲ್ಲವೆಂದರೆ ಮೀಟಿಂಗ್ ಮುಂದೂಡುವುದೇ ಒಳ್ಳೆಯದು. ಕೋಪ ಏರಿದಾಗಲೂ ಅಷ್ಟೇ, ಮರುದಿನ ಬೆಳಿಗ್ಗೆ ಕೂರುವುದು.

ಒಂದು ವಿಷಯಕ್ಕೆ ಮಾತ್ರ ಮೀಟಿಂಗ್ ತಪ್ಪಿಸಲೇಬಾರದು: ದುಡ್ಡು. ತಿಂಗಳಿಗೊಮ್ಮೆ, ಗೊತ್ತಾದ ತಾರೀಕಿಗೆ, ಬ್ಯಾಂಕಿನಲ್ಲಿ ಎಷ್ಟಿದೆ, ಬರಬೇಕಾದದ್ದು ಎಷ್ಟು, ಕೊಡಬೇಕಾದದ್ದು ಎಷ್ಟು, ಇದೇ ಖರ್ಚಿನಲ್ಲಿ ಇನ್ನೆಷ್ಟು ತಿಂಗಳು ನಡೆಯುತ್ತದೆ ಎಂಬ ನಾಲ್ಕು ಅಂಕಿಗಳನ್ನು ಎಲ್ಲ ಪಾಲುದಾರರ ಮುಂದೆ ಇಡಬೇಕು. ಲಾಭ ಇರಲಿ, ನಷ್ಟ ಇರಲಿ. ನಷ್ಟದ ಸುದ್ದಿಯನ್ನು ಮೂರು ತಿಂಗಳು ಮುಚ್ಚಿಟ್ಟು ಹೇಳಿದರೆ ದುಡ್ಡು ಕೊಟ್ಟವರಿಗೆ ಮೊದಲು ಹೋಗುವುದು ನಂಬಿಕೆ. ಆಗಿಂದಾಗ್ಗೆ ಹೇಳಿದರೆ ಅದೇ ಮಾಮ ಇನ್ನೊಂದು ದಾರಿ ಹುಡುಕಿಕೊಡಲೂಬಹುದು.

ಈಗಷ್ಟೇ ಶುರು ಮಾಡುತ್ತಿರುವವರು ನಾಳೆಯಿಂದಲೇ ಮಾಡಬಹುದಾದದ್ದು ಇಷ್ಟು. ಅಂಗಡಿಯಿಂದ ಒಂದು ಉದ್ದ ನೋಟ್‌ಬುಕ್ ತನ್ನಿ. ಮೊದಲ ಪುಟದಲ್ಲಿ ಪಾಲುದಾರರ ಹೆಸರು, ಯಾರು ಎಷ್ಟು ದುಡ್ಡು ಹಾಕಿದ್ದಾರೆ, ಯಾರ ಕೆಲಸ ಏನು, ಯಾವ ತೀರ್ಮಾನಕ್ಕೆ ಎಲ್ಲರ ಒಪ್ಪಿಗೆ ಬೇಕು ಎಂದು ಬರೆಯಿರಿ. ಎಲ್ಲರೂ ಓದಿ ಸಹಿ ಹಾಕಿ. ಎರಡನೇ ಪುಟದಿಂದ ನಡಾವಳಿ ಶುರು ಮಾಡಿ.